ಛದ್ಮವೇಷಕ್ಕೂ ಮೊದಲು ಮಕ್ಕಳೊಂದಿಗೆ ಒಂದು ಓದು

ಮಾನ್ಯ ಸಂಪಾದಕರೇ,

ಅಕ್ಟೋಬರ್ ಕೊನೆಯ ವಾರದ ಕಿತ್ತೂರು ಉತ್ಸವದಿಂದ ಹಿಡಿದು ಜನವರಿಯ ಗಣರಾಜ್ಯೋತ್ಸವದವರೆಗೆ ನಿಮ್ಮ ಪತ್ರಿಕೆಯ ಜಿಲ್ಲಾ ಪುಟಗಳಲ್ಲಿ ಒಂದೇ ಬಗೆಯ ಛಾಯಾಚಿತ್ರಗಳು ಪ್ರಕಟವಾಗುತ್ತಿರುತ್ತವೆ. ರಟ್ಟಿನ ಖಡ್ಗ ಹಿಡಿದ ಪುಟ್ಟ ಚೆನ್ನಮ್ಮ, ಅಂಟಿಸಿದ ಮೀಸೆಯ ರಾಯಣ್ಣ, ತಂಬೂರಿ ಹಿಡಿದ ಕನಕದಾಸ, ನೀಲಿ ಕೋಟಿನ ಅಂಬೇಡ್ಕರ್, ದೊಡ್ಡವರ ಸೀರೆಯಲ್ಲಿ ಮುಳುಗಿಹೋದ ಸಾವಿತ್ರಿಬಾಯಿ. ಹಿಂದೆ ಮಾಲೆ ಹಾಕಿದ ಭಾವಚಿತ್ರ, ಅಕ್ಕಪಕ್ಕದಲ್ಲಿ ಎಸ್‌ಡಿಎಂಸಿ ಅಧ್ಯಕ್ಷರು ಮತ್ತು ಮುಖ್ಯೋಪಾಧ್ಯಾಯರು. ನೋಡಲು ಚೆಂದದ ಚಿತ್ರಗಳೇ. ಹೆತ್ತವರು ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಆದರೆ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾಗಿ, ಈಗ ನಮ್ಮೂರ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಸಂಜೆ ಹೊತ್ತು ಮಕ್ಕಳ ಜೊತೆ ಕೂತು ಪುಸ್ತಕ ಓದುವ ನನಗೆ, ವೇಷ ಕಳಚಿದ ಮೇಲೆ ಆ ಮಗುವಿನ ಬಳಿ ಆ ವ್ಯಕ್ತಿಯ ಬಗ್ಗೆ ಏನು ಉಳಿಯಿತು ಎಂಬ ಪ್ರಶ್ನೆ ಪ್ರತಿ ವರ್ಷ ಕಾಡುತ್ತದೆ. ಬಾಯಿಪಾಠ ಮಾಡಿದ ಹತ್ತು ಸಾಲಿನ ಭಾಷಣ ವಾರದೊಳಗೆ ಮರೆತುಹೋಗುತ್ತದೆ. ಆರರಿಂದ ಎಂಟು ವರ್ಷದ ಮಕ್ಕಳಿಗೆ ಇತಿಹಾಸದ ದೊಡ್ಡವರ ಪರಿಚಯವಾಗಬೇಕಾದರೆ, ಒಬ್ಬ ಹಿರಿಯರು ಪಕ್ಕದಲ್ಲಿ ಕೂತು, ಪುಟವನ್ನು ಎಲ್ಲರಿಗೂ ಕಾಣುವಂತೆ ಹಿಡಿದು, ಗಟ್ಟಿಯಾಗಿ ಓದುತ್ತ, ಮಕ್ಕಳು ತಡೆದ ಕಡೆಯೆಲ್ಲ ನಿಂತು ಮಾತಾಡಬೇಕು. ಜಯಂತಿಗಳಿಗಾಗಿ ಶಾಲೆಗಳು ಮತ್ತು ಇಲಾಖೆಗಳು ಪಡುವ ಶ್ರಮದಲ್ಲಿ ಒಂದು ಪಾಲನ್ನಾದರೂ ಈ ಕೂಡಿ ಓದುವ ಕೆಲಸಕ್ಕೆ ತಿರುಗಿಸಬೇಕು ಎಂದು ಕೋರುವುದಕ್ಕಾಗಿ ಈ ಪತ್ರ.

ನಮ್ಮ ಸೀಮೆಯ ಚೆನ್ನಮ್ಮನ ಉದಾಹರಣೆಯನ್ನೇ ತೆಗೆದುಕೊಳ್ಳುತ್ತೇನೆ. ಚೆನ್ನಮ್ಮನ ವೇಷದ ಮಕ್ಕಳು ಸಾಮಾನ್ಯವಾಗಿ ಒಪ್ಪಿಸುವುದು ಕಪ್ಪ ಕೊಡುವ ವಿಚಾರದ ಆ ಪ್ರಸಿದ್ಧ ಸಂಭಾಷಣೆಯನ್ನು. ಬೆಳ್ಳಿತೆರೆಯಿಂದ, ರಂಗದಿಂದ ಮನೆಮಾತಾದ ಸಾಲುಗಳವು. ಕೇಳಿದಾಗ ಇಂದಿಗೂ ಮೈ ಜುಮ್ಮೆನ್ನುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 1824ರಲ್ಲಿ ಕಿತ್ತೂರಿನಲ್ಲಿ ಹೊತ್ತಿಕೊಂಡ ಜಗಳದ ಬೇರು ದತ್ತಕದಲ್ಲಿತ್ತು. ಚೆನ್ನಮ್ಮನ ಪತಿ, ಕಿತ್ತೂರಿನ ದೊರೆ ಮಲ್ಲಸರ್ಜ ದೇಸಾಯಿ 1816ರಲ್ಲಿ ತೀರಿಕೊಂಡಿದ್ದರು. ಅವರ ಮಗ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರ್‌ನಲ್ಲಿ ಮಕ್ಕಳಿಲ್ಲದೆ ತೀರಿಕೊಂಡಾಗ, ಸಂಸ್ಥಾನಕ್ಕೆ ದತ್ತು ತೆಗೆದುಕೊಂಡ ಹುಡುಗನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ, ಖಜಾನೆಗೆ ಮುದ್ರೆ ಒತ್ತಿಸಿ ಕಾವಲು ಹಾಕಿಸಿದ.

ಇಷ್ಟನ್ನು ಸರಳ ಮಾತಿನಲ್ಲಿ ಓದಿ ನಿಲ್ಲಿಸಿದಾಗ ಎರಡನೆಯ ತರಗತಿಯ ಹುಡುಗಿಯೊಬ್ಬಳು, ‘ದತ್ತಕ ಅಂದ್ರೇನ್ರಿ ಅಕ್ಕೋರ?’ ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಇನ್ನೊಬ್ಬ ಹುಡುಗ, ತನ್ನ ಕಾಕಾನ ಮನೆಯಲ್ಲಿ ದತ್ತಕ ತೆಗೆದುಕೊಂಡಿದ್ದಾರೆಂದೂ, ಆ ಪಾಪು ಈಗ ತನ್ನ ತಮ್ಮನೇ ಆಗಿದೆಯೆಂದೂ ವಿವರಿಸಿದ. ಆಮೇಲೆ ಆ ಹುಡುಗಿ, ‘ಹಂಗಾದ್ರ ಅವರ ಮನಿ ಹುಡುಗನ್ನ ಕಲೆಕ್ಟರ್ ಯಾಕ ಬ್ಯಾಡ ಅಂದಾ?’ ಎಂದಳು. ಸಂಪಾದಕರೇ, ಕಂಪನಿ ಸರ್ಕಾರದ ರಾಜನೀತಿಯ ಕುರಿತು ಪದವಿ ತರಗತಿಯಲ್ಲಿ ಕೇಳಬೇಕಾದ ಪ್ರಶ್ನೆ ಇದು. ಕೈಯಲ್ಲಿ ಖಡ್ಗ ಕೊಟ್ಟು ವೇದಿಕೆ ಹತ್ತಿಸಿದ್ದರೆ ಆ ಮಗುವಿಗೆ ಈ ಪ್ರಶ್ನೆ ಕೇಳುವ ಅವಕಾಶವೇ ಸಿಗುತ್ತಿರಲಿಲ್ಲ, ಏಕೆಂದರೆ ವೇದಿಕೆಯ ಮೇಲಿನ ಮಗುವಿಗೆ ಉತ್ತರಗಳನ್ನು ಮಾತ್ರ ಕಲಿಸಿರುತ್ತೇವೆ.

1824ರ ಅಕ್ಟೋಬರ್ 23ರಂದು ಕೋಟೆಯ ಬಾಗಿಲಿನಲ್ಲಿ ನಡೆದ ಕಾಳಗದಲ್ಲಿ ಥ್ಯಾಕರೆ ಸತ್ತ. ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಇಬ್ಬರು ಅಧಿಕಾರಿಗಳು ಕಿತ್ತೂರಿನವರ ಕೈಗೆ ಸೆರೆಸಿಕ್ಕರು. ಇಲ್ಲಿ ಪುಸ್ತಕ ಮುಚ್ಚಿ, ‘ನೀವು ರಾಣಿಯಾಗಿದ್ದರೆ ಆ ಇಬ್ಬರನ್ನು ಏನು ಮಾಡುತ್ತಿದ್ದಿರಿ?’ ಎಂದು ಕೇಳಿ ನೋಡಬೇಕು. ಮಕ್ಕಳಲ್ಲಿ ಎರಡು ಪಂಗಡಗಳಾಗುತ್ತವೆ, ಗದ್ದಲವಾಗುತ್ತದೆ, ಒಬ್ಬಿಬ್ಬರು ಎದ್ದು ನಿಂತೇ ವಾದಿಸುತ್ತಾರೆ. ಚೆನ್ನಮ್ಮ ಅವರನ್ನು ಜೀವಸಹಿತ ಬಿಟ್ಟುಕೊಟ್ಟಳು. ಆದರೂ ಡಿಸೆಂಬರ್‌ನಲ್ಲಿ ಕಂಪನಿ ಇನ್ನೂ ದೊಡ್ಡ ಸೈನ್ಯದೊಂದಿಗೆ ಬಂದು ಕೋಟೆ ಹಿಡಿಯಿತು, ರಾಣಿ ಬೈಲಹೊಂಗಲದ ಸೆರೆಯಲ್ಲಿಯೇ 1829ರಲ್ಲಿ ತೀರಿಕೊಂಡಳು ಎಂದು ಮುಂದಿನ ಪುಟಗಳಲ್ಲಿ ಓದಿದಾಗ ಅವರಿಗೆ ಬರುವ ಸಿಟ್ಟು ನಿಜವಾದ ಸಿಟ್ಟು. ನಮ್ಮ ಸಭೆಗಳ ಭಾಷಣಗಳು ಬಹುಮಟ್ಟಿಗೆ ಅಕ್ಟೋಬರ್‌ನ ಗೆಲುವಿಗೇ ನಿಂತುಬಿಡುತ್ತವೆ, ಡಿಸೆಂಬರ್‌ಗೆ ಹೋಗುವುದೇ ಇಲ್ಲ. ಸೋಲನ್ನು ಮುಚ್ಚಿಟ್ಟು ಹೇಳಿದ ಕಥೆಯಲ್ಲಿ ಚೆನ್ನಮ್ಮನ ಧೈರ್ಯದ ಅಳತೆಯೂ ಮಗುವಿಗೆ ಸಿಗುವುದಿಲ್ಲ. (ಅಂದು ಸೆರೆಯಾಗಿದ್ದ ಅದೇ ವಾಲ್ಟರ್ ಎಲಿಯಟ್ ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿ ಮಾಡಿಸಿ, ನಮ್ಮ ರಾಜವಂಶಗಳ ಚರಿತ್ರೆಯ ಅಧ್ಯಯನಕ್ಕೆ ದಾರಿ ಮಾಡಿಕೊಟ್ಟವರಲ್ಲಿ ಒಬ್ಬನಾದ. ಇದನ್ನು ನಾನು ಐದನೆಯ ತರಗತಿಯವರಿಗೆ ಮಾತ್ರ ಹೇಳುತ್ತೇನೆ; ಚಿಕ್ಕವರಿಗೆ ಶತ್ರು ಅಷ್ಟು ಬೇಗ ವಿದ್ವಾಂಸನಾಗುವುದು ಇಷ್ಟವಾಗುವುದಿಲ್ಲ.)

ಇನ್ನು ದಂತಕಥೆಗಳ ವಿಚಾರ. ಸರ್ ಎಂ. ವಿಶ್ವೇಶ್ವರಯ್ಯನವರೆಂದರೆ ಮಕ್ಕಳಿಗೆ ಹೇಳುವುದು ಎರಡು ಮೇಣದಬತ್ತಿಗಳ ಕಥೆ: ಸರ್ಕಾರಿ ಕೆಲಸಕ್ಕೆ ಒಂದು, ಸ್ವಂತ ಕೆಲಸಕ್ಕೆ ಇನ್ನೊಂದು. ಇದೇ ಕಥೆಯನ್ನು ಚಾಣಕ್ಯನ ಹೆಸರಿನಲ್ಲಿ ಎರಡು ದೀಪಗಳ ಕಥೆಯಾಗಿಯೂ ಹೇಳುತ್ತಾರೆ. ಪ್ರಾಮಾಣಿಕತೆ ದೊಡ್ಡ ಗುಣವೇ, ಆದರೆ ಒಬ್ಬ ಎಂಜಿನಿಯರನ್ನು ಅವರ ಎಂಜಿನಿಯರಿಂಗ್ ಬಿಟ್ಟು ಮೇಣದಬತ್ತಿಯಿಂದ ಪರಿಚಯಿಸುವುದು ಯಾವ ನ್ಯಾಯ? ನೀರು ಗೊತ್ತುಮಾಡಿದ ಮಟ್ಟ ಮೀರಿ ಏರಿದಾಗ ತಾವಾಗಿಯೇ ತೆರೆದುಕೊಂಡು, ಇಳಿದಾಗ ತಾವಾಗಿಯೇ ಮುಚ್ಚಿಕೊಳ್ಳುವ ಬಾಗಿಲುಗಳನ್ನು ಅವರು ರೂಪಿಸಿದರು. 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಅವನ್ನು ಅಳವಡಿಸಲಾಯಿತು, ಮುಂದೆ ಕೃಷ್ಣರಾಜಸಾಗರದಲ್ಲೂ ಸ್ವಯಂಚಾಲಿತ ಬಾಗಿಲುಗಳು ಬಂದವು. ‘ಯಾರೂ ಮುಟ್ಟದ ಬಾಗಿಲು ತಾನಾಗಿ ಹೇಗೆ ತೆರೆಯುತ್ತದೆ?’ ಎಂಬ ಒಂದು ಪ್ರಶ್ನೆಯನ್ನು ಹಿಡಿದು ನೀರು ತುಂಬಿದ ಬಕೆಟ್ಟು, ಒಂದು ತೇಲುವ ಡಬ್ಬಿ, ಒಂದಿಷ್ಟು ದಾರದೊಂದಿಗೆ ಇಡೀ ಸಂಜೆ ಕಳೆಯಬಹುದು. ನೆಲವೆಲ್ಲ ಒದ್ದೆಯಾಗುತ್ತದೆ, ಅಷ್ಟೇ.

ಬಾಬಾಸಾಹೇಬ್ ಅಂಬೇಡ್ಕರ್ ಅವರ ಬಾಲ್ಯದ ಪ್ರಸಂಗವನ್ನು ಓದುವಾಗ ಮಾತ್ರ ಓದುವ ಹಿರಿಯರು ಹೆಚ್ಚು ಎಚ್ಚರದಿಂದ ಇರಬೇಕಾಗುತ್ತದೆ. ಶಾಲೆಯಲ್ಲಿ ತಾವು ಉಳಿದ ಮಕ್ಕಳಿಂದ ದೂರ ಮನೆಯಿಂದ ತಂದ ಗೋಣಿಚೀಲದ ಮೇಲೆ ಕೂರಬೇಕಾಗಿದ್ದುದನ್ನು, ಬಾಯಾರಿದಾಗ ನಲ್ಲಿಯನ್ನು ತಾವೇ ಮುಟ್ಟುವಂತಿರಲಿಲ್ಲವೆಂಬುದನ್ನು, ಜವಾನ ಬಂದು ನಲ್ಲಿ ತಿರುಗಿಸಿದರೆ ಮಾತ್ರ ನೀರು, ಜವಾನ ಇಲ್ಲದ ದಿನ ನೀರೂ ಇಲ್ಲ ಎಂಬುದನ್ನು ಅವರು ಸ್ವತಃ ಬರೆದಿಟ್ಟಿದ್ದಾರೆ. ಸಂವಿಧಾನದ ಕರಡು ಸಮಿತಿ ಎಂಬ ಮಾತು ಏಳು ವರ್ಷದ ಮಗುವಿಗೆ ಏನೂ ಹೇಳುವುದಿಲ್ಲ. ಶಾಲೆಯ ನಲ್ಲಿ ಮಾತ್ರ ಎಲ್ಲ ಮಕ್ಕಳಿಗೂ ಗೊತ್ತು. ಆ ಪುಟದಲ್ಲಿ ಅವರೆಲ್ಲ ಸುಮ್ಮನಾಗುತ್ತಾರೆ, ಆಮೇಲೆ ‘ಯಾಕೆ’ ಎನ್ನುತ್ತಾರೆ. ಆ ‘ಯಾಕೆ’ಗೆ ‘ಹಿಂದಿನ ಕಾಲದಲ್ಲಿ ಹಾಗಿತ್ತು’ ಎಂದು ಹೇಳಿ ಪುಟ ತಿರುಗಿಸುವುದು ಸುಲಭ, ಮತ್ತು ಅದು ಪೂರ್ತಿ ನಿಜವೂ ಅಲ್ಲ. ಅದೇ ವೇಳೆ, ಕೂತಿರುವ ಮಕ್ಕಳಲ್ಲಿ ಯಾವ ಮಗುವಿನ ಮನೆಯವರು ಇಂಥದ್ದನ್ನು ಅನುಭವಿಸಿರಬಹುದು ಎಂದು ಹುಡುಕುವ ಹಾಗೆ ಓದುವವರ ಕಣ್ಣು ಒಬ್ಬರ ಕಡೆ ತಿರುಗಲೂಬಾರದು, ‘ನಿಮ್ಮ ಓಣಿಯಲ್ಲಿ ಹೇಗೆ?’ ಎಂದು ಕೇಳಲೂಬಾರದು. ಮಗು ತಾನಾಗಿ ಹೇಳಿದರೆ ಕೇಳಿಸಿಕೊಳ್ಳಬೇಕು. ತಪ್ಪು ಮಾಡಿದವರು ಹಾಗೆ ನಡೆಸಿಕೊಂಡವರೇ ಹೊರತು ಆ ಹುಡುಗನಲ್ಲ ಎಂಬುದು ಯಾವ ಮಗುವಿಗೂ ಅನುಮಾನಕ್ಕೆ ಎಡೆಯಿಲ್ಲದಂತೆ ತಿಳಿಯಬೇಕು. ಈ ಸಿದ್ಧತೆಗಾಗಿಯೇ, ಮಕ್ಕಳೆದುರು ತೆರೆಯುವ ಯಾವ ಪುಸ್ತಕವನ್ನೂ ಹಿರಿಯರು ಮೊದಲು ಒಂಟಿಯಾಗಿ ಓದಿರಬೇಕು ಎಂದು ನಾನು ಹಟ ಹಿಡಿಯುವುದು. ಪುಣೆಯಲ್ಲಿ 1848ರಿಂದ ಹೆಣ್ಣುಮಕ್ಕಳಿಗೆ ಪಾಠ ಹೇಳಿದ ಸಾವಿತ್ರಿಬಾಯಿ ಫುಲೆಯವರ ಮೇಲೆ ಸಗಣಿ ಎಸೆದವರ ಪ್ರಸಂಗಕ್ಕೂ ಇದೇ ಮಾತು ಸಲ್ಲುತ್ತದೆ. ಅವರ ಜೊತೆ ನಿಂತ ಫಾತಿಮಾ ಶೇಖ್ ಅವರ ಹೆಸರನ್ನು ಅಲ್ಲಿ ಬಿಡದೆ ಹೇಳಬೇಕು.

ಚಿಕ್ಕ ಮಕ್ಕಳಿಗೆ ಸಾವು, ಗಲ್ಲು, ಗುಂಡೇಟು ಹೇಳಬಹುದೇ ಎಂದು ಹಲವು ಪಾಲಕರು ಕೇಳುತ್ತಾರೆ. ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು ಎಂಬುದನ್ನು ಬಿಟ್ಟು ರಾಯಣ್ಣನ ಕಥೆ ಹೇಳಲು ಬರುವುದಿಲ್ಲ. ಒಂದೇ ವಾಕ್ಯದಲ್ಲಿ, ಚಿತ್ರವಿಲ್ಲದೆ, ದನಿ ಏರಿಸದೆ ಹೇಳಿದರೆ ಸಾಕು, ಮಕ್ಕಳು ತಡೆದುಕೊಳ್ಳುತ್ತಾರೆ. ಅವರು ಅದಕ್ಕಿಂತ ಹೆಚ್ಚಾಗಿ ಕೇಳುವುದು, ಹಿಡಿದುಕೊಟ್ಟವರು ಯಾರು, ಅವರು ನಮ್ಮವರೇ ಆಗಿದ್ದರೇ ಎಂದು.

ಕೂಡಿ ಓದುವ ಕ್ರಮ ಹೊಸತೇನಲ್ಲ. ನ್ಯೂಜಿಲೆಂಡ್‌ನ ಶಿಕ್ಷಣತಜ್ಞ ಡಾನ್ ಹೋಲ್ಡವೇ 1970ರ ದಶಕದಲ್ಲಿ ದೊಡ್ಡ ಅಕ್ಷರದ ದೊಡ್ಡ ಪುಸ್ತಕಗಳನ್ನಿಟ್ಟು ಇಡೀ ತರಗತಿ ಒಟ್ಟಿಗೆ ಓದುವ ವಿಧಾನವನ್ನು ಶಾಲೆಗಳಿಗೆ ತಂದರೆಂದು ಶಿಕ್ಷಕರ ತರಬೇತಿಯಲ್ಲಿ ಹೇಳುತ್ತಾರೆ; ಆದರೆ ಗಮಕಿಗಳು ಪದ್ಯ ವಾಚಿಸಿ, ಪಕ್ಕದಲ್ಲಿ ಕೂತವರು ವ್ಯಾಖ್ಯಾನ ಮಾಡಿ, ಅಕ್ಷರ ಬಾರದವರೂ ಕುಮಾರವ್ಯಾಸನನ್ನು ಬಲ್ಲವರಾಗಿದ್ದ ನಾಡು ನಮ್ಮದು. ಕೇಳಿ ಅರ್ಥಮಾಡಿಕೊಳ್ಳುವ ಶಕ್ತಿ ಮಗುವಿನಲ್ಲಿ ಸ್ವತಃ ಓದುವ ಶಕ್ತಿಗಿಂತ ಎಷ್ಟೋ ಮುಂದಿರುತ್ತದೆ. ಒತ್ತಕ್ಷರಗಳಿಗೆ ತಡವರಿಸುವ ಮಗುವೂ ಕೇಳುವಾಗ ಥ್ಯಾಕರೆಯ ದುರಾಸೆಯನ್ನು ಚೆನ್ನಾಗಿಯೇ ಹಿಡಿಯುತ್ತದೆ. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುವ ನಲಿ-ಕಲಿ ತರಗತಿಗಳಿಗೆ ಇದು ಹೇಳಿ ಮಾಡಿಸಿದಂತಿದೆ, ಏಕೆಂದರೆ ಒಬ್ಬರು ಓದುವಾಗ ದೊಡ್ಡವರು ಅಕ್ಷರ ನೋಡುತ್ತಾರೆ, ಚಿಕ್ಕವರು ಚಿತ್ರ ನೋಡುತ್ತಾರೆ. ಒಂದು ಸಲಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಅದೇ ಪುಸ್ತಕವನ್ನು ಮತ್ತೆ ಮತ್ತೆ ಓದಬೇಕು, ಮೂರನೆಯ ಓದಿಗೆ ಮಕ್ಕಳೇ ಮುಂದಿನ ಸಾಲು ಹೇಳತೊಡಗುತ್ತಾರೆ. ಕೊನೆಯಲ್ಲಿ ‘ಈ ಕಥೆಯ ನೀತಿ ಏನು?’ ಎಂಬ ಪ್ರಶ್ನೆಯನ್ನು ಮಾತ್ರ ದಯವಿಟ್ಟು ಯಾರೂ ಕೇಳಬಾರದು. ಅದನ್ನು ಕೇಳಿದ ಕ್ಷಣ ಎಲ್ಲ ಮುಖಗಳೂ ಪರೀಕ್ಷೆಯ ಮುಖಗಳಾಗುವುದನ್ನು ಸೇವೆಯಲ್ಲಿದ್ದಷ್ಟು ಕಾಲವೂ ನೋಡಿದ್ದೇನೆ.

ಮನೆಯಲ್ಲಿ ಓದಿಹೇಳಲು ತಂದೆತಾಯಿಗೆ ಬಿಡುವಿಲ್ಲ, ಕೆಲವರಿಗೆ ಓದು ಬರುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಆದರೆ ಐದನೆಯ ತರಗತಿಯ ಅಕ್ಕ ಓದಿ, ತಮ್ಮ ಮತ್ತು ಅಜ್ಜಿ ಕೇಳಿದರೂ ಅದು ಕೂಡಿ ಓದಿದಂತೆಯೇ. ರಾಯಣ್ಣನ ಲಾವಣಿಯನ್ನೋ ಗೀಗೀ ಪದವನ್ನೋ ಕೇಳಿ ಬೆಳೆದ ಅಜ್ಜಿಯರು ನಮ್ಮ ಭಾಗದಲ್ಲಿ ಇನ್ನೂ ಇದ್ದಾರೆ. ಪುಸ್ತಕದಲ್ಲಿ ಬರೆದದ್ದು ಒಂದು, ಅಜ್ಜಿ ಹೇಳುವುದು ಇನ್ನೊಂದು ಎಂದಾದಾಗ ಮಗುವಿಗೆ ಇತಿಹಾಸವೆಂದರೆ ಏನೆಂಬುದರ ಮೊದಲ ಪಾಠ ಸಿಕ್ಕಂತಾಗುತ್ತದೆ.

ಯಾರನ್ನು ಓದಬೇಕೆಂಬ ಪ್ರಶ್ನೆಗೆ ನನ್ನ ಉತ್ತರ, ಹತ್ತಿರದವರಿಂದ ಆರಂಭಿಸಿ ಎಂಬುದು. ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರಲ್ಲಿ ಹದಿನೆಂಟರ ಹರೆಯದಲ್ಲಿ ಗಾಂಧೀಜಿಯವರ ಜೊತೆ ದಂಡಿಗೆ ನಡೆದವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರೊಡನೆ ಬಲಿಯಾದರು. ಸಾಬರಮತಿಯಿಂದ ದಂಡಿಗೆ ಸುಮಾರು 385 ಕಿಲೋಮೀಟರ್, 24 ದಿನಗಳ ನಡಿಗೆ. ದಿನಕ್ಕೆ ಹದಿನಾರು ಕಿಲೋಮೀಟರ್ ನಡೆದರೆ ನಮ್ಮೂರಿನಿಂದ ಇಂದು ಸಂಜೆಗೆ ಎಲ್ಲಿ ಮುಟ್ಟುತ್ತೇವೆ, ನಾಳೆ ಎಲ್ಲಿ, ರಾತ್ರಿ ಯಾರ ಮನೆಯಲ್ಲಿ ಊಟ ಎಂದು ಜಿಲ್ಲೆಯ ನಕ್ಷೆ ಹರಡಿಕೊಂಡು ಲೆಕ್ಕ ಹಾಕಿದ ಮಕ್ಕಳಿಗೆ ಉಪ್ಪಿನ ಸತ್ಯಾಗ್ರಹ ಎಂದರೆ ಕಾಲು ನೋಯುವ ಕೆಲಸ ಎಂದು ಗೊತ್ತಾಗುತ್ತದೆ. ಕರಾವಳಿಯ ಶಾಲೆಗಳಿಗೆ ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಇದ್ದಾರೆ, ಉಳ್ಳಾಲದ ಅಬ್ಬಕ್ಕ ಇದ್ದಾಳೆ, ದಲಿತ ಮಕ್ಕಳಿಗಾಗಿ ಶಾಲೆ ತೆರೆದ ಕುದ್ಮುಲ್ ರಂಗರಾಯರಿದ್ದಾರೆ.

ಆದರೆ ಇವರನ್ನೆಲ್ಲ ಆರೇಳು ವರ್ಷದವರ ಜೊತೆ ಓದಲು ಪುಸ್ತಕ ಎಲ್ಲಿದೆ? ರಾಷ್ಟ್ರೋತ್ಥಾನ ಸಾಹಿತ್ಯವು 1970ರ ದಶಕದಲ್ಲಿ ಪ್ರೊ. ಎಲ್. ಎಸ್. ಶೇಷಗಿರಿರಾವ್ ಅವರ ಸಂಪಾದಕತ್ವದಲ್ಲಿ ಆರಂಭಿಸಿದ ಭಾರತ-ಭಾರತಿ ಮಾಲೆಯ 510 ಕಿರುಪುಸ್ತಕಗಳನ್ನು ಓದಿ ಬೆಳೆದವರು ನಮ್ಮ ತಲೆಮಾರಿನಲ್ಲಿ ಬಹಳ ಮಂದಿ. ಅಂಥ ಇನ್ನೊಂದು ಪ್ರಯತ್ನ ಅಷ್ಟು ವ್ಯಾಪಕವಾಗಿ ನಡೆದದ್ದನ್ನು ನಾನು ಕಂಡಿಲ್ಲ. ಆದರೆ ಅವು ತಾವೇ ಓದಬಲ್ಲ, ಸ್ವಲ್ಪ ದೊಡ್ಡ ಮಕ್ಕಳಿಗೆ ಒಗ್ಗುವಂಥವು. ಈಗ ಜಾತ್ರೆಗಳಲ್ಲಿ, ಬಸ್ ನಿಲ್ದಾಣಗಳಲ್ಲಿ ಸಿಗುವ ಮಕ್ಕಳ ಜೀವನಚರಿತ್ರೆಗಳನ್ನು ತೆರೆದರೆ ಮೊದಲ ವಾಕ್ಯ ‘ಇಂಥ ಊರಿನಲ್ಲಿ, ಇಂಥ ದಿನ, ಇಂಥ ದಂಪತಿಗೆ ಜನಿಸಿದರು’ ಎಂದೇ ಇರುತ್ತದೆ, ಎರಡನೆಯ ಪುಟದಲ್ಲಿ ‘ಬಾಲ್ಯದಿಂದಲೇ ಅಪಾರ ಪ್ರತಿಭಾವಂತರಾಗಿದ್ದರು’ ಎಂದಿರುತ್ತದೆ. ಬಾಲ್ಯದಿಂದಲೇ ಪ್ರತಿಭಾವಂತರಾದವರ ಬಗ್ಗೆ ಓದಿ, ಮಗ್ಗಿ ತಪ್ಪಿಸುವ ಮಗು ತನ್ನ ಬಗ್ಗೆ ಏನೆಂದುಕೊಳ್ಳಬೇಕು? ಚಿತ್ರಗಳಂತೂ ಹೆಚ್ಚಾಗಿ ಅದೇ ಭಾವಚಿತ್ರದ ಮಸುಕು ಪ್ರತಿ.

ಕನ್ನಡ ಪುಸ್ತಕ ಪ್ರಾಧಿಕಾರವಾಗಲಿ, ಧಾರವಾಡದಲ್ಲಿಯೇ ಇರುವ ಬಾಲವಿಕಾಸ ಅಕಾಡೆಮಿಯಾಗಲಿ, ಒಬ್ಬ ವ್ಯಕ್ತಿಯ ಬದುಕಿನ ಒಂದೇ ಒಂದು ಪ್ರಸಂಗವನ್ನು ಹದಿನಾರು ಪುಟಗಳಲ್ಲಿ, ಒಳ್ಳೆಯ ಚಿತ್ರಕಾರರಿಂದ ಬರೆಸಿದ ಚಿತ್ರಗಳೊಂದಿಗೆ, ಮೂರು ಮಾರು ದೂರ ಕೂತ ಮಗುವಿಗೂ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ ಪ್ರಕಟಿಸಬೇಕು. ಹುಟ್ಟು, ಪದವಿ, ಪ್ರಶಸ್ತಿಗಳೆಲ್ಲ ಹಿಂಬದಿಯ ರಕ್ಷಾಪುಟಕ್ಕೆ ಹೋಗಲಿ. ಪಠ್ಯವನ್ನು ಅಚ್ಚಿಗೆ ಕಳಿಸುವ ಮೊದಲು ಇತಿಹಾಸ ಬಲ್ಲವರೊಬ್ಬರು ಮತ್ತು ಎರಡನೆಯ ತರಗತಿಗೆ ಪಾಠ ಹೇಳುವವರೊಬ್ಬರು ನೋಡಿರಬೇಕು. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದ ಮೂಲಕ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವ ಕೊಟ್ಟಿತು. ಮಕ್ಕಳು ಬರುತ್ತಾರೆ, ಬಂದವರಿಗೆ ಎದುರಾಗುವುದು ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳ ಸಾಲು ಮತ್ತು ಕಪಾಟಿನ ಮೇಲಿನ ಅರೆಯಲ್ಲಿ, ಕೈಗೆಟುಕದ ಜಾಗದಲ್ಲಿ ಇಟ್ಟ ಕಥೆಪುಸ್ತಕಗಳು. ಕೇಂದ್ರದ ಮೇಲ್ವಿಚಾರಕರಿಗೆ ಗಟ್ಟಿಯಾಗಿ ಓದುವ ತರಬೇತಿಯನ್ನು ಎರಡು ದಿನವಾದರೂ ಕೊಟ್ಟು, ವಾರಕ್ಕೆ ಒಂದು ಗಂಟೆ ಇದಕ್ಕೆಂದೇ ಗೊತ್ತುಮಾಡಿದರೆ ಹೊಸ ಕಟ್ಟಡವೂ ಬೇಡ, ಹೊಸ ಹುದ್ದೆಯೂ ಬೇಡ. ಶಾಲೆಗಳಲ್ಲಿ ಜಯಂತಿಯ ದಿನ ಪೂಜೆ, ಭಾಷಣ ಮುಗಿದ ಮೇಲೆ ಮಕ್ಕಳನ್ನು ಮರದಡಿ ಕೂರಿಸಿ ಆ ವ್ಯಕ್ತಿಯ ಕುರಿತ ಒಂದು ಪ್ರಸಂಗವನ್ನು ಓದುವಂತೆ ಸುತ್ತೋಲೆಯಲ್ಲಿ ಒಂದು ಸಾಲು ಸೇರಿಸುವುದು ಶಿಕ್ಷಣ ಇಲಾಖೆಗೆ ಕಷ್ಟವಲ್ಲ. ಛದ್ಮವೇಷವೂ ಇರಲಿ, ಪುಸ್ತಕ ಓದಿದ ಮಕ್ಕಳು ಬಹುಶಃ ಥ್ಯಾಕರೆಯ ವೇಷವನ್ನೂ, ದತ್ತು ಹುಡುಗನ ವೇಷವನ್ನೂ ಹಾಕಲು ಕೇಳಿಯಾರು.

ನಿಮ್ಮ ಪತ್ರಿಕೆಯಲ್ಲಿಯೂ ಒಂದು ಕೋರಿಕೆ. ಮಕ್ಕಳ ಪುರವಣಿಯಲ್ಲಿ ಮಹನೀಯರ ಪರಿಚಯ ಬರುತ್ತಿದೆ, ಆದರೆ ಅಕ್ಷರ ಚಿಕ್ಕದು, ಮಾಹಿತಿ ದಟ್ಟ. ತಿಂಗಳಿಗೊಮ್ಮೆ ಅರ್ಧ ಪುಟದಲ್ಲಿ, ಐದು ನಿಮಿಷದಲ್ಲಿ ಗಟ್ಟಿಯಾಗಿ ಓದಿ ಮುಗಿಸಬಹುದಾದ ಒಂದು ಪ್ರಸಂಗವನ್ನು ದಪ್ಪ ಅಕ್ಷರಗಳಲ್ಲಿ ಪ್ರಕಟಿಸಿ, ಕಥೆಯ ನಡುವೆ ಎಲ್ಲಿ ನಿಲ್ಲಿಸಿ ಮಕ್ಕಳನ್ನು ಮಾತಾಡಿಸಬಹುದೆಂದು ಓದುವ ಹಿರಿಯರಿಗೆ ಒಂದು ಚಿಕ್ಕ ಗುರುತು ಹಾಕಿಕೊಡಿ. ಆ ಅರ್ಧ ಪುಟವನ್ನು ಕತ್ತರಿಸಿ ರಟ್ಟಿಗೆ ಅಂಟಿಸಿಕೊಳ್ಳಲು ಅನುಕೂಲವಾಗುವಂತೆ, ಅದರ ಹಿಂಬದಿಯಲ್ಲಿ ಜಾಹೀರಾತು ಬಾರದ ಹಾಗೆ ನೋಡಿಕೊಂಡರೆ ನಮ್ಮಂಥ ಕೇಂದ್ರಗಳಿಗೆ ಉಪಕಾರವಾಗುತ್ತದೆ.

ವಂದನೆಗಳೊಂದಿಗೆ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ,
ಧಾರವಾಡ ಜಿಲ್ಲೆ